ಅಗಸೆ ಎಣ್ಣೆಯ ಗಿಟಾರು

ಕೊರೋಚಿಯ ರತ್ನಮಾಲಾ ಅಜ್ಜಿಯ ಬಾಯಿಗೆ ಆ ಮಳೆಗಾಲದಲ್ಲಿ ಬಿಡುವೇ ಇರಲಿಲ್ಲ. ಮಗ್ಗದ ಶೆಡ್ಡಿನಲ್ಲಿ, ಹಾಲಿನ ಡೇರಿಯಲ್ಲಿ, ಬಸದಿಯ ಮೆಟ್ಟಿಲ ಮೇಲೆ, ಸಿಕ್ಕಸಿಕ್ಕವರಿಗೆಲ್ಲ ಒಂದೇ ಸುದ್ದಿ: "ನಮ್ಮ ಭಕ್ತಿ ಕರೆಂಟಿನ ಗಿಟಾರ ಮಾಡ್ಯಾಳ್ರಿ! ತಂದದ್ದಲ್ಲ, ಮಾಡಿದ್ದು!"

ಸುಳ್ಳೇನಲ್ಲ. ಮೊಮ್ಮಗಳು ಹಿತ್ತಲಿನಲ್ಲಿ ಬಿದ್ದಿದ್ದ ಹಳೆಯ ಬಾಗಿಲಿನ ಸಾಗವಾನಿ ಹಲಗೆಯನ್ನು ಕೊಯ್ದು, ಕೆತ್ತಿ ಗಿಟಾರಿನ ಮೈ ಮಾಡಿದ್ದಳು. ದಶಲಕ್ಷಣ ಪರ್ವದ ಭಜನೆಗೆ ಬಸದಿಯಲ್ಲಿ ಅದನ್ನೇ ನುಡಿಸುತ್ತಾಳೆಂದು ಅಜ್ಜಿ ಊರಿಗೆಲ್ಲ ಸಾರಿಯೂ ಬಿಟ್ಟಿದ್ದಳು. ಬಸದಿಯ ಹಿರಿಯರಾದ ತಾತ್ಯಾಸಾಹೇಬರು ಮೂಗು ಮುರಿದರೂ ಕೊನೆಗೆ ಹೂಂ ಅಂದಿದ್ದರು.

ಉಳಿದದ್ದು ಪಾಲಿಶ್, ಒಳಗಿನ ವೈರು, ಇಷ್ಟೇ. ಭಕ್ತಿ ಇಚಲಕರಂಜಿಯ ಅಂಗಡಿಯಿಂದ ಏನೋ ತಂದು ಹಚ್ಚಿದಳು ನೋಡಿ, ಗಿಟಾರು ಬೆಲ್ಲದ ಪಾಕದ ಹಾಗೆ ಮಿಂಚಿತು!

"ಏನ ಹಚ್ಚೀಯವಾ ಇದಕ್ಕ?"

"ಚಪಡಾ, ಆಯಿ. ಮರದ ಅಂಟಂತ."

ಅಜ್ಜಿ ಗಿಟಾರಿನಿಂದ ಕೈ ಹಿಂದಕ್ಕೆಳೆದುಕೊಂಡಳು. ಚಪಡಾ ಅಂದರೆ ಅರಗು. ಅರಗು ಅಂದರೆ ಹುಳ, ಸಾವಿರಾರು ಹುಳದ ಜೀವ. ಅತ್ತೆಯ ಕಾಲದಿಂದಲೂ ಈ ಮನೆಯ ಹೆಂಗಸರು ಅರಗಿನ ಬಳೆ ತೊಟ್ಟವರಲ್ಲ. ಅದನ್ನು ಪರ್ವದ ದಿನ ಬಸದಿಯೊಳಗೆ ಒಯ್ಯುವುದೇ? ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯದು. ಬಿಟ್ಟರೆ ಹುಡುಗಿಯ ದುಡಿತ ನೀರುಪಾಲು, ತನ್ನ ಜಂಬವೂ ಮಣ್ಣುಪಾಲು. ಛೇ, ಎಂಥ ಸಂಕಟ!

"ಅದು ಅಂಟಲ್ಲ ತಂಗಿ," ಎಂದಳು ಕೊನೆಗೆ. "ಹುಳದ್ದದು."

ಭಕ್ತಿ ಅತ್ತಾಳು ಅಂದುಕೊಂಡಿದ್ದಳು ಅಜ್ಜಿ. ಆ ಹುಡುಗಿ "ಅಯ್ಯಯ್ಯ!" ಎಂದವಳೇ ಪಾಲಿಶ್ ಪೇಪರ್ ಎತ್ತಿಕೊಂಡು ತಿಕ್ಕಲು ಕೂತುಬಿಟ್ಟಳು. ಸಂಜೆಯೊಳಗೆ ಅಷ್ಟೂ ಹೊಳಪು ಪುಡಿಯಾಗಿ ನೆಲಕ್ಕೆ ಬಿತ್ತು. ಒಂದು ಮಾತು ಹೇಳಿಸಿಕೊಳ್ಳಲಿಲ್ಲವಲ್ಲ ನನ್ನ ಕೂಸು ಎಂದು ಅಜ್ಜಿಯ ಕಣ್ಣು ತುಂಬಿತು.

"ಈಗ ಏನ ಹಚ್ಚಲಿ, ಆಯಿ?"

"ಅಗಸಿ ಎಣ್ಣಿ ಹಚ್ಚ. ನಮ್ಮಪ್ಪ ದತ್ತವಾಡದಾಗ ಬಂಡಿ ನೊಗಕ್ಕ ಅದನ್ನ ಹಚ್ಚತಿದ್ದ."

ಮಳೆಗಾಲದಲ್ಲಿ ಅಗಸೆ ಎಣ್ಣೆ ಒಣಗುವುದೆಂದರೆ ದೊಡ್ಡ ರಗಳೆ. ತೆಳ್ಳಗೆ ಹಚ್ಚಬೇಕು, ಒರೆಸಬೇಕು, ಕಾಯಬೇಕು, ಮತ್ತೆ ಹಚ್ಚಬೇಕು. ಭಕ್ತಿ ಒಳಗಿನ ವೈರು ಜೋಡಿಸುವ ಕೆಲಸಕ್ಕೆ ಬಿದ್ದಳು. ಅಜ್ಜಿ ಮಗ್ಗದ ಚಿಂದಿ ಬಟ್ಟೆ ಹಿಡಿದು ದಿನಾ ಮಧ್ಯಾಹ್ನ ಮರವನ್ನು ಉಜ್ಜಿದಳು. ರಟ್ಟೆ ನೋಯುತ್ತಿತ್ತು, ಆದರೂ ಬಿಡಲಿಲ್ಲ. ಮೆಲ್ಲಗೆ ಸಾಗವಾನಿಯ ಗೆರೆಗಳು ಒಂದೊಂದಾಗಿ ಮೇಲೆದ್ದು ಬಂದವು.

ಪರ್ವದ ದಿನ ತಾತ್ಯಾಸಾಹೇಬರು ಗಿಟಾರನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೈಯಿಂದ ಸವರಿಯೂ ನೋಡಿದರು.

"ಖರೇನ ಒಬ್ಬಾಕೀನ ಮಾಡೀ ಏನ ಇದನ್ನ?"

"ಇಲ್ಲರಿ ಕಾಕಾ," ಎಂದಳು ಭಕ್ತಿ. ಮೈಕು ಮುಂದೆಯೇ ಇತ್ತು; ಮಾತು ಇಡೀ ಬಸದಿಗೆ ಕೇಳಿತು. "ಕಟ್ಟಿಗಿ ಕೆಲಸ ನಂದು. ಈ ಹೊಳಪ ನಮ್ಮ ಆಯೀದು."

ಎಲ್ಲರೂ ಹೆಂಗಸರ ಸಾಲಿನತ್ತ ತಿರುಗಿದರು. ಊರಿಗೆಲ್ಲ ಡಂಗುರ ಸಾರಿದ್ದ ರತ್ನಮಾಲಾ ಅಜ್ಜಿಯ ಬಾಯಿಂದ ಆಗ ಒಂದು ಮಾತೂ ಹೊರಡಲಿಲ್ಲ. ಎಣ್ಣೆಯ ವಾಸನೆ ಇನ್ನೂ ಹೋಗದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.