ಗೋಡೆಗೆ ತೂಗುಹಾಕಿದ ಧನ್ಯವಾದ

ನನ್ನ ತಕರಾರಿಗೆ ಮೂರನೇ ಸಲವೂ ಅದೇ ಉತ್ತರ ಬಂತು: ‘ಪರಿಶೀಲಿಸಲಾಗಿದೆ, ಬಾಕಿ ನಿಜ.’ ಯಾರು ಪರಿಶೀಲಿಸಿದರೋ ಆ ದೇವರಿಗೇ ಗೊತ್ತು. ವಸೂಲಿ ಕಂಪನಿಯವರು ಆಸ್ಪತ್ರೆಯನ್ನು ಕೇಳಿ ಅನ್ನುತ್ತಾರೆ, ಆಸ್ಪತ್ರೆಯವರು ವಸೂಲಿ ಕಂಪನಿಯನ್ನು ಕೇಳಿ ಅನ್ನುತ್ತಾರೆ. ದಿನವೂ ಶಾಲೆಯ ಬಸ್ಸು ಓಡಿಸಿ ಬಂದು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಅವರು ಹಾಕುವ ಹಾಳು ಸಂಗೀತ ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು.

ಬಾಕಿ ಎರಡು ಸಾವಿರದ ನೂರ ನಲವತ್ತು ಡಾಲರ್, ಮೂರು ವರ್ಷದ ಹಿಂದೆ ಮಗಳು ಡೆಲ್ಲಾಗೆ ಅಪೆಂಡಿಕ್ಸ್ ಆಪರೇಷನ್ ಆದದ್ದಕ್ಕೆ. ಆ ದುಡ್ಡು ಆಗಲೇ ಸಂದಾಯವಾಗಿತ್ತು. ಕಟ್ಟಿದ್ದು ನಾನಲ್ಲ, ನಮ್ಮ ಚರ್ಚಿನವರು. ನಮ್ಮ ಒಹಾಯೊ ಕಣಿವೆಯಲ್ಲಿ ಯಾರು ಕಾಯಿಲೆ ಬಿದ್ದರೂ ಸ್ಪಗೆಟ್ಟಿ ಊಟ ಮಾಡಿಸಿ, ತಟ್ಟೆಗೆ ಎಂಟು ಡಾಲರ್ ಎತ್ತುತ್ತಾರೆ. ಖಜಾಂಚಿ ಓಪಲಮ್ಮ ಆ ದುಡ್ಡಿಗೆ ಆಸ್ಪತ್ರೆಯ ಹೆಸರಿಗೆ ಚೆಕ್ಕು ಬರೆದು ತಾವೇ ಅಂಚೆಗೆ ಹಾಕಿದ್ದರು. ಆಮೇಲೆ ಬಂದ ಕಾಗದಗಳೆಲ್ಲ ನಾವು ಬಿಟ್ಟ ಹಳೆಯ ಮನೆಗೆ ಹೋದವು. ಸ್ವಂತಕ್ಕೊಂದು ಮನೆ ಕೊಳ್ಳೋಣವೆಂದು ಬ್ಯಾಂಕಿಗೆ ಹೋದಾಗಲೇ ಕ್ರೆಡಿಟ್ ರಿಪೋರ್ಟಿನಲ್ಲಿ ಈ ಪೀಡೆ ಕೂತಿರುವುದು ಗೊತ್ತಾಗಿದ್ದು.

ಮನೆ ಚಿಕ್ಕದು, ಹಳದಿ ಬಣ್ಣದ್ದು. ಡೆಲ್ಲಾ ತನ್ನ ಕೋಣೆ ಯಾವುದೆಂದು ಆಗಲೇ ಆರಿಸಿಕೊಂಡಿದ್ದಳು. ಬರುವ ಶುಕ್ರವಾರದೊಳಗೆ ಆ ಬಾಕಿ ರಿಪೋರ್ಟಿನಿಂದ ಹೋಗದಿದ್ದರೆ ಸಾಲವಿಲ್ಲ, ಮಾರುವವರೂ ಇನ್ನು ಕಾಯುವುದಿಲ್ಲ ಎಂದು ಬ್ಯಾಂಕಿನವಳು ಕೊನೆಗೆ ಹೇಳಿದಳು.

ಓಪಲಮ್ಮನ ಹತ್ತಿರ ಚೆಕ್ಕಿನ ಪ್ರತಿ ಕೇಳಬಹುದಿತ್ತು. ನಾಲಿಗೆ ಏಳಲಿಲ್ಲ. ನಲವತ್ತು ವರ್ಷ ಚರ್ಚಿನ ಲೆಕ್ಕ ನೋಡಿಕೊಂಡ ಹೆಂಗಸನ್ನು ಹೋಗಿ ‘ದುಡ್ಡು ಎಲ್ಲಿ’ ಎಂದು ಕೇಳಿದ ಹಾಗಾಗುತ್ತದಲ್ಲ. ಹಾಗೆಂದೇ ಎರಡು ತಿಂಗಳು ಸುಮ್ಮನೆ ಹಾಳುಮಾಡಿಕೊಂಡೆ, ಪೆದ್ದಿ.

ಆ ಮಂಗಳವಾರ ಬೇರೆ ದಾರಿಯಿಲ್ಲದೆ ಚರ್ಚಿಗೆ ಹೋದೆ. ಓಪಲಮ್ಮ ಒಳಗೆ ಯಾರೊಂದಿಗೋ ಮಾತಾಡುತ್ತಿದ್ದರು. ಕಾಫಿ ಇಡುವ ಮೇಜಿನ ಪಕ್ಕ ನಿಂತೆ. ಅಲ್ಲಿ ಗೋಡೆಯ ಮೇಲೆ ಗಾಜು ಹಾಕಿಸಿದ ಒಂದು ಕಾಗದ ಮೂರು ವರ್ಷದಿಂದ ತೂಗುತ್ತಿದೆ. ಪ್ರತಿ ಭಾನುವಾರ ಅದರ ಮುಂದೆಯೇ ಕಾಫಿ ಕುಡಿದಿದ್ದೇನೆ, ಒಮ್ಮೆಯೂ ಓದಿರಲಿಲ್ಲ. ಅಂದು ಓದಿದೆ. ಆಸ್ಪತ್ರೆಯವರು ಬರೆದಿದ್ದರು: ನಮ್ಮ ಮಕ್ಕಳ ವಾರ್ಡಿಗೆ ತಾವು ನೀಡಿದ 2,140 ಡಾಲರ್ ಉದಾರ ದೇಣಿಗೆಗಾಗಿ ಧನ್ಯವಾದಗಳು.

ಚೀಲದಿಂದ ವಸೂಲಿಯವರ ಕಾಗದ ತೆಗೆದು ಪಕ್ಕದಲ್ಲಿ ಹಿಡಿದೆ. ಅದೇ ಮೊತ್ತ.

ಓಪಲಮ್ಮ ಬಂದರು. ನಾನು ತೋರಿಸಿದ ಕಡೆ ನೋಡಿದರು, ನನ್ನ ಕೈಯಲ್ಲಿದ್ದ ಕಾಗದ ನೋಡಿದರು. ಬೀರುವಿನಿಂದ ಚೆಕ್ಕಿನ ಪ್ರತಿ ತಂದರು. ಬಿಲ್ಲಿನ ನಂಬರು ಬರೆಯಬೇಕಾದ ಜಾಗದಲ್ಲಿ ‘ಡೆಲ್ಲಾಗೆ, ಪ್ರೀತಿಯಿಂದ’ ಎಂದಿತ್ತು.

“ನಂಬರು ಹಾಕಿದ್ರೆ ಮಗೂಗೆ ಭಿಕ್ಷೆ ಕೊಟ್ಟ ಹಾಗೆ ಕಾಣುತ್ತೆ ಅಂದ್ಕೊಂಡೆ ಕಣೇ ವರ್ನಾ,” ಎಂದರು. “ಬಿಲ್ಲಿಗೆ ಹೋಗ್ಲಿಲ್ವಾ ಅದು?”

“ಇಲ್ಲಮ್ಮ.”

ಅವರು ಕುರ್ಚಿಯ ಮೇಲೆ ಕೂತುಬಿಟ್ಟರು. ಆಮೇಲೆ ಎದ್ದು, ಆ ಕಾಗದವನ್ನು ತಾವೇ ಗೋಡೆಯಿಂದ ಇಳಿಸಿ ನನ್ನ ಕೈಗಿತ್ತರು. ತಪ್ಪು ನನ್ನದು, ವರ್ನಾಳದಲ್ಲ ಎಂದು ಆಸ್ಪತ್ರೆಗೆ ಬರೆದುಕೊಟ್ಟರು.

ಬುಧವಾರ ಆಸ್ಪತ್ರೆಯವರು ಒಪ್ಪಿಕೊಂಡರು. ರಿಪೋರ್ಟು ಸರಿಯಾಗಲು ಮಾತ್ರ ಮೂವತ್ತು ದಿನ ಬೇಕೆಂದರು. ಶುಕ್ರವಾರ ಬಂತು, ಹೋಯಿತು.

ಪ್ರತಿ ಭಾನುವಾರ ಓಪಲಮ್ಮ ಬಾಗಿಲಲ್ಲೇ ಹಿಡಿದು ಕೇಳುತ್ತಿದ್ದರು, ಕಾಗದ ಬಂತೇ ಎಂದು. ಐದನೇ ವಾರ ಅದು ಬಂತು. ಬಾಕಿ ಅಳಿಸಲಾಗಿದೆ ಎಂಬ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದರು. ಕಣ್ಣೊರೆಸಿಕೊಂಡರು.

“ಇನ್ನು ಆ ಹಳದಿ ಮನೆ ತಗೋಬಹುದಲ್ವೇನೇ?”

“ತಗೋಬಹುದು ಅಮ್ಮ,” ಎಂದೆ.

ನನ್ನ ಬಸ್ಸಿಗೆ ಈಗ ಅಲ್ಲೊಂದು ಹೊಸ ನಿಲ್ದಾಣವಿದೆ. ದಿನಾ ಬೆಳಿಗ್ಗೆ ಆ ಹಳದಿ ಮನೆಯ ಮುಂದೆ ನಿಲ್ಲಿಸುತ್ತೇನೆ. ಅದನ್ನು ಕೊಂಡವರ ಇಬ್ಬರು ಹುಡುಗಿಯರು ಹತ್ತುತ್ತಾರೆ. ನನ್ನ ಹಿಂದಿನ ಸೀಟಿನಲ್ಲಿ ಕೂತ ಡೆಲ್ಲಾ ಕಿಟಕಿಯ ಆಚೆ ನೋಡುವುದಿಲ್ಲ.