ನಾಲ್ಕು ಮಡಿಕೆ ಸೀರೆಯಲ್ಲಿ ಸೋಸಿದ ಎಣ್ಣೆ

ಮೂರು ವಾರ ನನ್ನ ಟೆಂಪೋ ಹೋದ ದಾರಿಯಲ್ಲೆಲ್ಲ ಕಬಾಬ್ ವಾಸನೆ ಬರುತ್ತಿತ್ತು. ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ ನಿಂತರೆ ಪಕ್ಕದ ಬೈಕಿನವರು ಅತ್ತಿತ್ತ ತಿರುಗಿ, ಹೋಟೆಲ್ ಎಲ್ಲಿದೆ ಎಂದು ಹುಡುಕುತ್ತಿದ್ದರು. ಹಲಸೂರಿನ ನಾಯಿಗಳು ಎರಡು ಬೀದಿ ದಾಟುವವರೆಗೂ ಹಿಂದೆ ಬರುತ್ತಿದ್ದವು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅರ್ಧ ಡೀಸೆಲ್‌ನಲ್ಲಿ ಗಾಡಿ ಓಡಿಸುವ ಬುದ್ಧಿವಂತ ಈ ಬೆಂಗಳೂರಿನಲ್ಲಿ ನಾನೊಬ್ಬನೇ ಎಂಬ ಜಂಬ ನನಗೆ.

ನನ್ನ ಹೆಸರು ಚಂದ್ರಾಮಪ್ಪ, ಸೇಡಂ ಕಡೆಯವನು. ಹೆಂಡತಿ ಭೀಮಬಾಯಿಯ ಜೊತೆ ಕೆ.ಆರ್. ಪುರದ ಒಂದು ಬಾಡಿಗೆ ಕೋಣೆಯಲ್ಲಿದ್ದೇನೆ. ದಿನಾ ಬೆಳಗ್ಗೆ ಅಲ್ಲಿನ ಸಂತೆಯಿಂದ ಸೊಪ್ಪು ಹೇರಿಕೊಂಡು ಇಬ್ಬರೂ ಶಿವಾಜಿನಗರಕ್ಕೆ ಹೋಗುತ್ತೇವೆ. ಮಾರ್ಕೆಟ್ ಪಕ್ಕ ಗೋಣಿಚೀಲ ಹಾಸಿಕೊಂಡು ಭೀಮಬಾಯಿ ಮಾರುತ್ತಾಳೆ. ನಮ್ಮದು ಹದಿನೇಳು ವರ್ಷದ ಹಳೇ ಡೀಸೆಲ್ ಟೆಂಪೋ. ಅದು ಓಡಿದರೆ ನಮ್ಮ ಒಲೆ ಉರಿಯುತ್ತದೆ. ಅದು ಕೈಕೊಟ್ಟರೆ ಇನ್ನೊಂದು ಗಾಡಿ ತರುವ ಶಕ್ತಿ ನಮಗಿಲ್ಲ. ಸಾಲದ್ದಕ್ಕೆ ಗಾಡಿ ರಸ್ತೆಗಿಳಿಯಲು ಯೋಗ್ಯ ಎಂಬ ಸರ್ಕಾರಿ ಪತ್ರ, ಎಫ್‌ಸಿ, ಮಾಡಿಸುವ ದಿನವೂ ಹತ್ತಿರ ಬಂದಿತ್ತು. ಹೊಗೆ ಕೆಟ್ಟದಾಗಿ ಬಂದರೆ ಗಾಡಿ ಪಾಸಾಗುವುದಿಲ್ಲ, ನೇರ ಗುಜರಿಗೆ ಹೋಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಕೆಲಸ ಕೇಳಿ.

ಒಂದು ದಿನ ಫೋನಿನಲ್ಲಿ ಒಂದು ವೀಡಿಯೊ ಬಂತು. ಯಾವುದೋ ದೇಶದವನು ಹೋಟೆಲಿನಲ್ಲಿ ಕರಿದು ಉಳಿದ ಎಣ್ಣೆಯನ್ನು ಸೋಸಿ, ಹಳೇ ಡೀಸೆಲ್ ಕಾರಿಗೆ ಹಾಕಿ ಬೆಟ್ಟ ಹತ್ತಿಸುತ್ತಿದ್ದ. ಅರ್ಧ ನೋಡಿದವನೇ ಎದ್ದುಬಿಟ್ಟೆ. ಉಳಿದರ್ಧ ನೋಡುವ ತಾಳ್ಮೆ ಯಾರಿಗಿತ್ತು?

ಫ್ರೇಜರ್ ಟೌನಿನಲ್ಲಿ ಕಬಾಬ್ ಅಂಗಡಿ ಇಟ್ಟಿರುವ ಬಿಲ್ಕೀಸ್ ಆಪಾ ನಮ್ಮಿಂದಲೇ ಪುದೀನ, ಕೊತ್ತಂಬರಿ ಕೊಳ್ಳುತ್ತಾರೆ. ಕರಿದ ಎಣ್ಣೆಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ.

"ಅದೇ ತಲೆನೋವು ಚಂದ್ರಾಮಣ್ಣ," ಎಂದರು ಆಪಾ. "ಮತ್ತೆ ಕಾಯಿಸಿ ಕರಿಯೋಕೆ ನಂಗೆ ಮನಸ್ಸಿಲ್ಲ. ಮೋರಿಗೆ ಸುರಿದ್ರೆ ಕಟ್ಕೊಳ್ಳುತ್ತೆ. ನಿಮ್ಗೆ ಬೇಕಾದ್ರೆ ಒಯ್ರಿ."

ಎರಡು ಕ್ಯಾನ್ ತುಂಬಿಸಿಕೊಂಡು ಬಂದೆ. ಸೋಸಲು ಬಟ್ಟೆ ಬೇಕಿತ್ತು. ಭೀಮಬಾಯಿ ನಲ್ಲಿಯ ಹತ್ತಿರ ಹೋಗಿದ್ದಾಗ ಟ್ರಂಕು ತೆಗೆದು, ಅವಳ ಹಳೇ ನೂಲಿನ ಸೀರೆಯೊಂದನ್ನು ಎಳೆದುಕೊಂಡೆ. ನಾಲ್ಕು ಮಡಿಕೆ ಮಾಡಿ ಬಕೆಟ್ಟಿನ ಬಾಯಿಗೆ ಕಟ್ಟಿ ಸುರಿದೆ. ಮೆಣಸಿನಕಾಯಿ ಚೂರು, ಕರಿಬೇವು, ಹಿಟ್ಟಿನ ಕರಕು ಎಲ್ಲ ಸೀರೆಯ ಮೇಲೆ ನಿಂತವು. ಕೆಳಗೆ ಬಿದ್ದ ಎಣ್ಣೆ ತಿಳಿಯಾಗಿ, ಬಂಗಾರದ ಬಣ್ಣದಲ್ಲಿತ್ತು.

ಅಷ್ಟರಲ್ಲಿ ಭೀಮಬಾಯಿ ಕೊಡ ಹೊತ್ತು ಬಂದಳು.

"ಅದು ನನ್ನ ಸೀರಿ ಅಲ್ಲೇನ್ರಿ?"

"ಹರಿದ ಸೀರಿನೇ ಅಲ್ಲೇನು."

"ಹರಿದಿದ್ರೇನು, ಒಂದ್ ಮಾತು ಕೇಳಬೇಕಿತ್ತು." ಕೊಡ ಇಳಿಸಿ ಬಕೆಟ್ಟಿಗೆ ಬಗ್ಗಿ ನೋಡಿದಳು. "ಇದನ್ನ ಗಾಡಿಗಿ ಹಾಕ್ತೀರೇನು? ಕಬಾಬಿನ ಎಣ್ಣಿರಿ ಇದು. ಹಸಿ ಮಸಾಲಿ, ಉಪ್ಪು, ನೀರು ಎಲ್ಲಾ ಬಿದ್ದಿರ್ತದ."

"ನೀ ಸುಮ್ಮ ಕುಂದ್ರು. ಇದು ಇಂಜಿನ್ ವಿಷಯ, ಅಡಿಗಿ ವಿಷಯ ಅಲ್ಲ."

ಅವಳು ಕೊಡ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಅವಳ ಬಾಯಿ ಮುಚ್ಚಿಸಿದ್ದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅರ್ಧ ಡೀಸೆಲ್, ಅರ್ಧ ಎಣ್ಣೆ. ಗಾಡಿ ಓಡಿತು. ಬೆಳಗ್ಗೆ ಸ್ಟಾರ್ಟ್ ಆಗಲು ಸ್ವಲ್ಪ ಮುನಿಸು ತೋರಿಸುತ್ತಿತ್ತು, ಹೊಗೆಯೂ ಜಾಸ್ತಿಯಾಗಿತ್ತು. ಹಳೇ ಗಾಡಿಯಲ್ಲವೇ, ಇದ್ದದ್ದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಡಿಸೆಂಬರ್ ಬಂತು, ಚಳಿ ಬಿತ್ತು. ಒಂದು ಬೆಳಗ್ಗೆ ಹಲಸೂರು ಕೆರೆ ಹತ್ತಿರ ಬರುವಷ್ಟರಲ್ಲಿ ಗಾಡಿ ಎರಡು ಸಲ ಜಗ್ಗಿತು, ಕೆಮ್ಮಿತು, ನಿಂತೇಬಿಟ್ಟಿತು. ಹಿಂದೆ ಬಸ್ಸಿನವನು ಹಾರನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಗಾಡಿ ತುಂಬ ಪಾಲಕ್, ಸಬ್ಬಸಿಗೆ, ಕೊತ್ತಂಬರಿ. ಬಿಸಿಲೇರಿದರೆ ಎಲ್ಲ ಬಾಡಿಹೋಗುತ್ತದೆ. ನಾನು ಹ್ಯಾಂಡಲ್ ಹಿಡಿದೆ, ಭೀಮಬಾಯಿ ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ತಳ್ಳಿದಳು. ಹೀಗೆ ತಳ್ಳಿಕೊಂಡೇ ಮುತ್ತಣ್ಣನ ಶೆಡ್ಡು ಸೇರಿದೆವು.

ಮುತ್ತಣ್ಣ ಡೀಸೆಲ್ ಗಾಡಿಗಳ ಮೆಕ್ಯಾನಿಕ್, ಹಲಸೂರಿನಲ್ಲೇ ಹುಟ್ಟಿ ಬೆಳೆದವನು, ನನಗೆ ಹಳೇ ಗೆಳೆಯ. ಸೊಪ್ಪನ್ನು ಒಂದು ಆಟೋಗೆ ಹಾಕಿ ಪರಿಚಯದ ವ್ಯಾಪಾರಿಗೆ ಕಳಿಸಿದ ಮೇಲೆ ಅವನು ಡೀಸೆಲ್ ಫಿಲ್ಟರ್ ಬಿಚ್ಚಿದ. ಒಳಗೆ ಡಾಲ್ಡಾದಂಥ ಗಟ್ಟಿ ಪದಾರ್ಥ ಮೆತ್ತಿಕೊಂಡಿತ್ತು. ಬೆರಳಲ್ಲಿ ತೆಗೆದು ಮೂಸಿ ನೋಡಿದ.

"ಏನ್ ಗುರು, ಗಾಡಿಗೆ ಊಟ ಹಾಕಿದೀಯಾ?"

ಇದ್ದದ್ದನ್ನು ಹೇಳಿದೆ. "ಆದ್ರೆ ನಾಲ್ಕು ಮಡಿಕೆ ಬಟ್ಟೇಲಿ ಸೋಸಿದೀನಿ ಕಣೋ. ಒಂದು ಕಸ ಇಲ್ಲ."

"ಕಸದ ಮಾತು ಬಿಡು. ನೀರು?"

"ನೀರೆಲ್ಲಿಂದ ಬರುತ್ತೆ? ಕುದಿಯೋ ಎಣ್ಣೇಲಿ ನೀರು ಉಳಿಯುತ್ತಾ?"

ಮುತ್ತಣ್ಣ ಉತ್ತರ ಹೇಳುವ ಮೊದಲೇ ಭೀಮಬಾಯಿ ಎದ್ದಳು. ಗಾಡಿಯಲ್ಲಿ ಇನ್ನೂ ಡೀಸೆಲ್ ಬೆರೆಸದ ಸೋಸಿದ ಎಣ್ಣೆಯ ಕ್ಯಾನ್ ಇತ್ತು. ಅದರ ತಳದಿಂದ ಒಂದು ಚಮಚದಷ್ಟು ಲೋಟಕ್ಕೆ ತೆಗೆದುಕೊಂಡು, ರಸ್ತೆಯಾಚೆಯ ಟೀ ಅಂಗಡಿಗೆ ನಡೆದಳು. ನಾವಿಬ್ಬರೂ ಹಿಂದೆ ಹೋದೆವು. ಅಂಗಡಿಯವನ ಹತ್ತಿರ ಬಾಣಲೆ ಕೇಳಿ ಒಲೆಯ ಮೇಲಿಟ್ಟಳು. ಕಾದ ಮೇಲೆ ಎಣ್ಣೆಯನ್ನು ಬಿಟ್ಟು ಹಿಂದೆ ಸರಿದಳು.

ಚಟಪಟ ಚಟಪಟ. ಟೀ ಅಂಗಡಿಯವನು ಮುಖಕ್ಕೆ ಕೈ ಅಡ್ಡ ಹಿಡಿದ.

"ಬಟ್ಟಿ ಕಸ ಹಿಡೀತದ, ನೀರು ಹಿಡ್ಯಾಂಗಿಲ್ಲ," ಎಂದಳು ಭೀಮಬಾಯಿ. ದನಿ ಏರಿಸಲಿಲ್ಲ. "ತೊಯ್ದ ಕೋಳಿ ಕರಿದ ಎಣ್ಣಿ. ಆರಿದ ಮ್ಯಾಲೆ ನೀರು ಕೆಳಗ ಕುಂದರ್ತದ. ಬಜ್ಜಿ ಕರಿದ ಯಾವ ಹೆಣಮಗಳನ್ನ ಕೇಳಿದ್ರೂ ಹೇಳ್ತಾಳ. ನೀವು ಕೇಳ್ಲಿಲ್ಲ."

ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ. "ಗಾಡಿ ಉಳಿಯುತ್ತಾ ಮುತ್ತಣ್ಣ?"

"ಡೀಸೆಲ್ ಪಂಪ್ ಬಿಚ್ಚಿ ನೋಡ್ಬೇಕು," ಎಂದ ಅವನು. ಶೆಡ್ಡಿಗೆ ವಾಪಸ್ ಬಂದು ಗೂಡಿನಿಂದ ತುಕ್ಕು ಹಿಡಿದ ಒಂದು ಪಂಪ್ ತೆಗೆದು ನನ್ನ ಕೈಗಿಟ್ಟ. "ಇದು ನನ್ನ ಜೀಪಿಂದು. ಹತ್ತು ವರ್ಷದ ಹಿಂದೆ ನಾನೂ ನಿನ್ ಹಾಗೇ ಬುದ್ಧಿ ಓಡಿಸಿದ್ದೆ. ಸೋಸಿದ ಎಣ್ಣೆ ನೋಡೋಕೆ ತೆಳ್ಳಗಿರುತ್ತೆ, ಆದ್ರೆ ಡೀಸೆಲ್‌ಗಿಂತ ತುಂಬಾ ಮಂದ. ಚಳಿಗೆ ಇನ್ನೂ ಗಟ್ಟಿಯಾಗುತ್ತೆ. ಪಂಪಿಗೆ ಎಳೆಯೋಕಾಗಲ್ಲ. ಸರಿಯಾಗಿ ಉರಿಯೋದೂ ಇಲ್ಲ, ಒಳಗೆಲ್ಲ ಮಸಿ ಕಟ್ಟುತ್ತೆ. ಉಪ್ಪುನೀರು ತುಕ್ಕು ಹಿಡಿಸುತ್ತೆ. ನನ್ನ ಜೀಪು ಮತ್ತೆ ಎದ್ದೇಳಲಿಲ್ಲ."

ಶೆಡ್ಡಿನ ಮೂಲೆಯಲ್ಲಿ ಸರ್ವೀಸ್‌ನಲ್ಲಿ ತೆಗೆದ ಹಳೇ ಇಂಜಿನ್ ಆಯಿಲ್ ಡ್ರಮ್ಮು ಇತ್ತು. ನನ್ನ ಹಾಳು ತಲೆ ಆಗಲೂ ಸುಮ್ಮನಿರಲಿಲ್ಲ. "ಅಡುಗೆ ಎಣ್ಣೆ ಬೇಡ ಬಿಡು. ಅದನ್ನ ಸೋಸಿ ಬೆರೆಸಿದ್ರೆ? ಅದು ಇಂಜಿನ್ನಿಂದಲೇ ಬಂದಿದ್ದಲ್ವಾ?"

ಮುತ್ತಣ್ಣ ಸ್ಪ್ಯಾನರ್ ಕೆಳಗಿಟ್ಟ. "ಅದರಲ್ಲಿರೋದು ಸವೆದ ಲೋಹದ ಪುಡಿ, ವಿಷ. ಆ ಹೊಗೆನ ಮೊದ್ಲು ಕುಡಿಯೋದು ಹಿಂದೆ ಸೊಪ್ಪಿನ ಜೊತೆ ಕೂರೋ ನಿನ್ ಹೆಂಡ್ತಿ. ಅದನ್ನ ನಾನು ಲೈಸೆನ್ಸ್ ಇರೋರಿಗೆ ಮಾತ್ರ ಕೊಡೋದು. ಇನ್ನೊಂದ್ ಸಲ ಆ ಮಾತು ಎತ್ಬೇಡ."

ನಾಲ್ಕು ದಿನ ಗಾಡಿ ಶೆಡ್ಡಿನಲ್ಲಿತ್ತು. ಭೀಮಬಾಯಿ ತಲೆಯ ಮೇಲೆ ಸೊಪ್ಪಿನ ಗಂಟು ಹೊತ್ತು ಬಸ್ಸು ಹತ್ತಿದಳು. ಕಂಡಕ್ಟರ್ ಗೊಣಗಿದ, ಜನ ಮೂಗು ಮುರಿದರು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬಸ್ಸಿಳಿದು ಮಾರ್ಕೆಟ್ಟಿನವರೆಗೂ ಅವಳ ಜೊತೆ ಇನ್ನೊಂದು ಗಂಟು ಹೊತ್ತು ನಡೆದಾಗ ಗಾಡಿಯ ಬೆಲೆ ನನಗೆ ತಿಳಿಯಿತು.

ಆ ದಿನಗಳಲ್ಲೇ ವೀಡಿಯೊದ ಉಳಿದರ್ಧ ನೋಡಿದೆ. ಆ ಮನುಷ್ಯ ಎಣ್ಣೆಯ ನೀರು ಆರಿಸಲು, ಬಿಸಿ ಮಾಡಲು ಬೇರೆ ಟ್ಯಾಂಕು, ಬೇರೆ ಪೈಪು, ಏನೇನೋ ಕೂರಿಸಿದ್ದ. ಕೊನೆಯಲ್ಲಿ, ನಿಮ್ಮ ಗಾಡಿಗೆ ಹೀಗೇ ಸುರಿಯಬೇಡಿ ಎಂದೂ ಹೇಳಿದ್ದ.

ನಮ್ಮ ಪುಣ್ಯ, ಪಂಪ್ ಉಳಿಯಿತು. ಮುತ್ತಣ್ಣ ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಸ್ವಚ್ಛ ಮಾಡಿಕೊಟ್ಟ. ಮರುವಾರ ಎಫ್‌ಸಿ ಪಾಸಾಯಿತು. ಹೊಗೆ ಪರೀಕ್ಷೆ ಮುಗಿಯುವವರೆಗೆ ಭೀಮಬಾಯಿ ಗೇಟಿನ ಹೊರಗೆ ಸೆರಗಿನ ಅಂಚು ಕಚ್ಚಿಕೊಂಡು ನಿಂತಿದ್ದಳು. ಪಾಸಾಯಿತು ಎಂದಾಗ ಕೂತುಬಿಟ್ಟಳು.

ಬಿಲ್ಕೀಸ್ ಆಪಾಗೂ ಎಲ್ಲ ಹೇಳಿದೆವು. "ಹಾಗಾದ್ರೆ ಎಣ್ಣೆ ಏನ್ಮಾಡ್ಲಿ?" ಎಂದರು.

"ಕರಿದ ಎಣ್ಣೆ ತಗೊಂಡ್ ಹೋಗೋ ನೋಂದಾಯಿತ ಸಂಸ್ಥೆಯವರು ಇದಾರೆ ಆಪಾ," ಎಂದ ನನ್ನ ಜೊತೆ ಬಂದಿದ್ದ ಮುತ್ತಣ್ಣ. "ಕ್ಯಾನ್ ತುಂಬಿದಾಗ ಫೋನ್ ಮಾಡಿ, ರಸೀದಿ ಇಸ್ಕೊಳ್ಳಿ. ರಸೀದಿ ಕೊಡದೆ ಕೇಳೋರಿಗೆ ಕೊಡ್ಬೇಡಿ, ಅದು ಮತ್ತೆ ಯಾವುದೋ ಬಾಣಲೆಗೇ ಹೋಗ್ಬಹುದು. ಇವರು ಕಾರ್ಖಾನೇಲಿ ಅದನ್ನ ಬಯೋಡೀಸೆಲ್ ಮಾಡ್ತಾರೆ. ಅದು ಸೋಸೋ ಕೆಲಸ ಅಲ್ಲ, ಎಣ್ಣೆಯ ಗುಣಾನೇ ಬದಲಾಯಿಸ್ತಾರೆ."

ನಾನು ಕಿವಿ ನೆಟ್ಟಗೆ ಮಾಡಿದ್ದು ನೋಡಿ ಅವನಿಗೆ ನಗು ಬಂತು. "ನಿನ್ನ ಆಸೆ ಗೊತ್ತು ಮಗಾ. ಹಾಕ್ಬಹುದು, ಆದ್ರೆ ಪರವಾನಗಿ ಇರೋ ಕಡೆ ಬಿಲ್ ಸಮೇತ ತಗೋ. ಎಷ್ಟು ಬೆರೆಸ್ಬಹುದು ಅಂತ ಗಾಡಿ ಕಂಪನಿ ಹೇಳಿದಷ್ಟೇ ಬೆರೆಸು. ಹಳೇ ಗಾಡಿ ರಬ್ಬರ್ ಪೈಪು ಅದಕ್ಕೆ ಮೆತ್ತಗಾಗುತ್ತೆ, ಮೊದ್ಲು ನನ್ ಹತ್ರ ತೋರಿಸು. ಟ್ಯಾಂಕಿನ ಹಳೇ ಕೊಳೆ ಎದ್ದು ಫಿಲ್ಟರ್ ಕಟ್ಕೊಳ್ಳುತ್ತೆ, ಅದನ್ನೂ ಬದಲಾಯಿಸ್ಬೇಕು."

"ಇದನ್ನೆಲ್ಲ ಮೊದಲ ಇವರಿಗಿ ಯಾರರ ಹೇಳಿದ್ರ," ಎಂದಳು ಭೀಮಬಾಯಿ, "ನನ್ನ ಸೀರಿ ಉಳೀತಿತ್ತು." ಆಪಾ ಬಿದ್ದು ಬಿದ್ದು ನಕ್ಕರು.

ಹಳೇ ಡೀಸೆಲ್ ಗಾಡಿ ಇಟ್ಟುಕೊಂಡು ಬದುಕುವ ಅಣ್ಣಂದಿರೇ, ಹೋಟೆಲ್, ಬಜ್ಜಿ ಅಂಗಡಿ ನಡೆಸುವ ಅಕ್ಕಂದಿರೇ, ನನ್ನ ಮಾತು ಕೇಳಿ. ಬಟ್ಟೆಯಲ್ಲಿ ಸೋಸಿದ ಎಣ್ಣೆ ಇಂಧನವಲ್ಲ. ಕರಿದ ಎಣ್ಣೆಯನ್ನು ಮೋರಿಗೂ ಸುರಿಯಬೇಡಿ, ಟ್ಯಾಂಕಿಗೂ ಸುರಿಯಬೇಡಿ, ಆರಿಸಿ ಕ್ಯಾನಿನಲ್ಲಿ ತುಂಬಿಟ್ಟು ಸರಿಯಾದವರ ಕೈಗೆ ಕೊಡಿ. ಇಂಜಿನ್ನಿನ ಹಳೇ ಆಯಿಲ್ಲನ್ನು ಇಂಧನಕ್ಕೆ ಬೆರೆಸುವ ಯೋಚನೆಯನ್ನೇ ಬಿಟ್ಟುಬಿಡಿ. ಬಯೋಡೀಸೆಲ್ ಬೇಕೆಂದರೆ ಬಿಲ್ ಕೇಳಿ, ಮೆಕ್ಯಾನಿಕ್ಕನ್ನು ಕೇಳಿ.

ಆ ಸೀರೆ ಈಗ ನಮ್ಮ ಟೆಂಪೋದ ಸೀಟಿನ ಕೆಳಗಿದೆ. ಎಷ್ಟು ಒಗೆದರೂ ಎಣ್ಣೆ ಕಲೆ ಹೋಗಿಲ್ಲ. ದಿನಾ ಬೆಳಗ್ಗೆ ಅದರಲ್ಲೇ ಗಾಡಿಯ ಗಾಜು ಒರೆಸುತ್ತೇನೆ. ಒರೆಸಿ ಮುಗಿಸಿ ಭೀಮಬಾಯಿಯ ಕಡೆ ತಿರುಗಿ, "ಹೊರಡೋಣೇನು?" ಎಂದು ಕೇಳುತ್ತೇನೆ. ಅವಳು ಹೂಂ ಅಂದ ಮೇಲೆಯೇ ಕೀಲಿ ತಿರುಗಿಸುತ್ತೇನೆ.