ಕ್ಲೀನರ್ ಸೀಟು

ಕಾರಿನ ಎಡಗಡೆ ಸೀಟಿಗೆ ಬ್ರೇಕ್ ಇರುವುದಿಲ್ಲವೆಂಬುದು ಅಲ್ಲಾಬಕ್ಷ್‌ಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಎದುರಿಗೊಂದು ಟ್ರ್ಯಾಕ್ಟರ್ ಕಂಡದ್ದೇ ತಡ, ಅವನ ಬಲಗಾಲು ಕೆಳಗಿನ ಮ್ಯಾಟನ್ನು ಒತ್ತಿ ಹಿಡಿಯಿತು.

"ಅಬ್ಬಾ, ಮ್ಯಾಟ್ ತೂತು ಬೀಳ್ತೈತೆ ನೋಡ್ರಿ," ಎಂದಳು ಸಾಜಿದಾ, ರಸ್ತೆಯಿಂದ ಕಣ್ಣು ತೆಗೆಯದೆ.

ಚನ್ನಗಿರಿ ಬಿಟ್ಟಾಗಿನಿಂದ ಇದೇ ಕಥೆ. ಅಡಿಕೆ ಲೋಡು ಹೇರಿಕೊಂಡು ರಾಜಸ್ಥಾನದ ತನಕ ಲಾರಿ ಹೊಡೆದೇ ತಲೆ ನೆರೆಸಿಕೊಂಡ ಮನುಷ್ಯನನ್ನು ಹೈಸ್ಕೂಲು ಟೀಚರಾದ ಮಗಳು ತನ್ನ ಹಳೇ ಕಾರಿನಲ್ಲಿ ಕೂರಿಸಿಕೊಂಡು ಹೊರಟಿದ್ದಳು. ಅದೂ ಎಡಗಡೆ. ಲಾರಿಯಲ್ಲಾದರೆ ಅದು ಕ್ಲೀನರ್ ಸೀಟು. ಮರಳಿನ ಗುಡ್ಡ ರಾತ್ರೋರಾತ್ರಿ ಜಾಗ ಬದಲಿಸುತ್ತದೆ, ಒಂಟೆಗಳು ಹಾರ್ನ್ ಹೊಡೆದರೆ ಮುಖ ಸಿಂಡರಿಸುತ್ತವೆ ಎಂದೆಲ್ಲ ಅವಳಿಗೆ ಚಿಕ್ಕಂದಿನಲ್ಲಿ ಹೇಳಿ ಆಸೆ ಹುಟ್ಟಿಸಿದವನು ಅವನೇ. ದಸರಾ ರಜೆ ಸಿಕ್ಕಿತು, ಅವಳು ನಕ್ಷೆ ಹಾಕಿದಳು. ಹೋಗುವಾಗ ಮರುಭೂಮಿ, ಬರುವಾಗ ಗೋವಾ. ಬಾರ್ಮೇರ್ ದಾಟಿದ ಮೇಲೆ ಬರುವ ಆ ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಅಬ್ಬಾನದು ಎಂದು ಮಾತು ಕೊಟ್ಟಳು.

ಆ ಮಾತು ಕೇಳಿದ ದಿನ ಅವನಿಗೆ ಕುಣಿಯುವಷ್ಟು ಖುಷಿಯಾಗಿತ್ತು. ಅಷ್ಟೇ ಭಯವೂ ಆಗಿತ್ತು. ಎಡಗಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಎಂದು ದಾವಣಗೆರೆಯ ಡಾಕ್ಟರು ಹೇಳಿ ಆಗಲೇ ಕೆಲವು ತಿಂಗಳಾಗಿದ್ದವು. ಇದು ಗೊತ್ತಿದ್ದದ್ದು ಹೆಂಡತಿ ರೋಶನಬಿಗೆ ಮಾತ್ರ. ಮಗಳಿಗೆ ಹೇಳಕೂಡದೆಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದ. ಕಣ್ಣು ಹೋದದ್ದಕ್ಕಿಂತ, ಗೊತ್ತಾದ ಮೇಲೆ ಸಾಜಿದಾ ತನ್ನನ್ನು ಅಯ್ಯೋ ಎನ್ನುವಂತೆ ನೋಡಿಬಿಟ್ಟರೆ ಎಂಬುದೇ ಅವನಿಗೆ ದೊಡ್ಡ ಚಿಂತೆ.

ಹಿಂದಿನ ಸೀಟಿನಲ್ಲಿ ರೊಟ್ಟಿ ಡಬ್ಬಿಯನ್ನು ಮಗ್ಗುಲಲ್ಲಿಟ್ಟುಕೊಂಡು ಕೂತಿದ್ದ ರೋಶನಬಿ ದಾರಿಯುದ್ದಕ್ಕೂ ಬಾಯಿ ಮುಚ್ಚಿದವಳಲ್ಲ. ಎಡಕ್ಕೆ ಒಂಟೆ ಬಂತು, ಎಡಕ್ಕೆ ನೀರು ಹೊತ್ತ ಹೆಂಗಸರು, ಎಡಕ್ಕೆ ಜಾಲಿಮರ, ಥೇಟ್ ನಮ್ಮ ಜಗಳೂರು. ಅವಳ ತವರು ಜಗಳೂರು, ಹಾಗಾಗಿ ಒಣ ನೆಲ ಎಲ್ಲಿ ಕಂಡರೂ ಅವಳಿಗೆ ನೆಂಟಸ್ತನ. ಅವಳು ಹೇಳಿದಾಗಲೆಲ್ಲ ಅಲ್ಲಾಬಕ್ಷ್ ಕುತ್ತಿಗೆಯನ್ನು ಪೂರ್ತಿ ಹೊರಳಿಸಿ ಕಿಟಕಿಯಾಚೆ ನೋಡುತ್ತಿದ್ದ. ಇಷ್ಟು ದೂರ ಬಂದು ಅವನು ಅರ್ಧ ಮರುಭೂಮಿಯನ್ನಷ್ಟೇ ನೋಡಿ ಹೋಗದಿರಲಿ ಎಂದು ಅವಳು ಪಡುತ್ತಿದ್ದ ಪಾಡು ಅದು. ಅಮ್ಮಿಗೆ ಬಲಗಡೆ ಲೋಕವೇ ಇಲ್ಲ ಎಂದು ಸಾಜಿದಾ ನಗುತ್ತಿದ್ದಳು.

ಬಾರ್ಮೇರ್ ಹಿಂದಾಯಿತು. ಊರುಗಳು ಚದುರಿ, ಆಮೇಲೆ ಊರೇ ಇಲ್ಲವಾಗಿ, ಎರಡೂ ಕಡೆ ಮರಳು ಮತ್ತು ಮೊಣಕಾಲೆತ್ತರದ ಕುರುಚಲು ಉಳಿಯಿತು. ರಸ್ತೆ ನೆಟ್ಟಗೆ ಹೋಗಿ ಬಿಸಿಲಿನಲ್ಲಿ ಕರಗಿತ್ತು. ಸಾಜಿದಾ ಕಾರು ನಿಲ್ಲಿಸಿ ಕೆಳಗಿಳಿದು, ಈ ಕಡೆ ಬಂದು ಬಾಗಿಲು ತೆಗೆದಳು.

"ಬರ್ರಿ ಅಬ್ಬಾ. ಈಗ ನಾನು ಕ್ಲೀನರ್."

ಕ್ಲೀನರ್ ಎಂದದ್ದಕ್ಕೆ ಅವನಿಗೆ ಪಾಲಣ್ಣನ ನೆನಪಾಯಿತು. ಅಲ್ಲಾಬಕ್ಷ್‌ನ ಕ್ಲೀನರ್ ದಿನಗಳ ಉಸ್ತಾದ, ಸಾಸ್ವೆಹಳ್ಳಿಯ ಪಾಲಣ್ಣ. ಬೈಗುಳದಲ್ಲೇ ಗೇರು, ಬೈಗುಳದಲ್ಲೇ ತಿರುವು ಕಲಿಸಿದ ಮನುಷ್ಯ. ಎಷ್ಟು ವರ್ಷ ದುಡಿದರೂ ಚೆನ್ನಾಗಿ ಹೊಡೆದೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೊಂದು ದಿನ ಹೊನ್ನಾಳಿಯ ಒಂದು ಇಕ್ಕಟ್ಟು ಗಲ್ಲಿಯಲ್ಲಿ ಲಾರಿ ಹಿಂದಕ್ಕೆ ಹೋಗಬೇಕಾದಾಗ, ಸ್ಟೇರಿಂಗನ್ನು ಅಲ್ಲಾಬಕ್ಷ್‌ಗೆ ಬಿಟ್ಟು ತಾನೇ ಕೆಳಗಿಳಿದು, ಹಿಂದೆ ನಿಂತು, ಬಾಡಿ ತಟ್ಟಿ ಬರ್ಲಿ ಬರ್ಲಿ ಎಂದು ಕೂಗಿದ. ಉಸ್ತಾದ ಕೆಳಗೆ ನಿಂತು ರಿವರ್ಸ್ ಹೇಳಿದನೆಂದರೆ ಗಾಡಿ ಇನ್ನು ಅವನದಲ್ಲ, ಸ್ಟೇರಿಂಗ್ ಹಿಡಿದವನದು. ಈ ಕಥೆ ಸಾಜಿದಾಗೆ ಬಾಯಿಪಾಠ.

ಸ್ಟೇರಿಂಗ್ ಮುಂದೆ ಕೂತ ಅಲ್ಲಾಬಕ್ಷ್ ಅದನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡ. ಒಂದನೇ ಗೇರು, ಎರಡು, ಮೂರು. ಕೈಕಾಲು ಏನನ್ನೂ ಮರೆತಿರಲಿಲ್ಲ. ಕಿಟಕಿಯಿಂದ ಬಿಸಿಗಾಳಿ ನುಗ್ಗಿ ಗಡ್ಡ ಹಾರಿಸಿತು. ಸತ್ತರೂ ಸರಿ ಇಲ್ಲೇ ಎನ್ನಿಸುವಂಥ ಸುಖ. ಹಿಂದಿನಿಂದ ರೋಶನಬಿಯ ದನಿ ಕೇಳುತ್ತಲೇ ಇತ್ತು: ಎಡಕ್ಕೆ ಏನೂ ಇಲ್ಲ, ಎಡಕ್ಕೆ ಏನೂ ಇಲ್ಲ.

"ಎಡಕ್ಕೆ ಕುರಿ ಅದಾವೆ ರೀ."

ಅವನು ಬ್ರೇಕ್ ಒತ್ತಿದ. ಕುರಿಮಂದೆ ಇನ್ನೂ ದೂರವಿತ್ತು, ನಿಧಾನ ಮಾಡಿ ಮುಂದೆ ಹೋಗಬಹುದಿತ್ತು. ಹೇಗೆ ನಿಲ್ಲಿಸಿದೆ ನೋಡು ಎಂದು ಮಗಳ ಮುಖ ನೋಡಬೇಕೆನಿಸಿತು. ಲಾರಿಯಲ್ಲಿ ಕೂತಲ್ಲಿಂದಲೇ, ಕತ್ತು ಹೊರಳಿಸದೆ, ಪಕ್ಕದವನ ನಗು ನೋಡಿದ ಕಣ್ಣು ಅದು. ಹಳೇ ರೂಢಿಯಂತೆ ಕತ್ತು ಹೊರಳಿಸದೆಯೇ ನೋಡಿದ, ಈಗ ಅಲ್ಲಿ ಯಾರೂ ಇರಲಿಲ್ಲ. ಸೀಟೂ ಇರಲಿಲ್ಲ. ಸಾಜಿದಾ ಕೂತಿದ್ದ ಜಾಗದಲ್ಲಿ ಬರೀ ಕತ್ತಲೆಯಿತ್ತು.

ಆ ಕಡೆಯಿಂದ ಏನಾದರೂ ಬಂದು ಬಡಿದಿದ್ದರೆ ಮೊದಲು ಬಡಿಯುತ್ತಿದ್ದದ್ದು ಅವಳಿಗೆ. ಅವನು ಕಾರನ್ನು ರಸ್ತೆಯಂಚಿಗೆ ತಂದು ಎಂಜಿನ್ ಆಫ್ ಮಾಡಿದ.

"ಎಡಗಣ್ಣು ಹೋಗೈತೆ ಬೇಟಾ," ಎಂದ, ಎದುರಿನ ಗಾಜು ನೋಡುತ್ತ. "ನೀನು ಕೂತಿರಾದು ಕಾಣವಲ್ದು."

ಸಾಜಿದಾ ತಿರುಗಿ ಅಮ್ಮಿಯನ್ನು ನೋಡಿದಳು. ರೋಶನಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ದಾರಿಯುದ್ದದ ಆ ಎಡಕ್ಕೆ ಎಡಕ್ಕೆಯೆಲ್ಲ ಈಗ ಮಗಳಿಗೆ ಅರ್ಥವಾಗಿರಬೇಕು. ಅವಳು ಬೈಯಲಿಲ್ಲ, ಅಯ್ಯೋ ಅನ್ನಲೂ ಇಲ್ಲ. ಬಾಗಿಲು ತೆಗೆದು ಇಳಿದು, ಕುರಿಗಳೆಲ್ಲ ದಾಟುವ ತನಕ ಬಿಸಿಲಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಆಮೇಲೆ ಬಂದು ಕೈ ಚಾಚಿದಳು. ಅವನು ಕೀಲಿ ಕೊಟ್ಟ.

ಗುಜರಾತು, ಮುಂಬೈ ದಾಟುವ ತನಕ ಅಲ್ಲಾಬಕ್ಷ್‌ನ ಬಲಗಾಲು ತೆಪ್ಪಗಿತ್ತು, ಅದನ್ನೇ ಸಾಜಿದಾಗೆ ತಡೆಯಲಾಗಲಿಲ್ಲ. ಮ್ಯಾಟ್ ಒತ್ತದಿದ್ದರೆ ನನಗೆ ಧೈರ್ಯ ಬರಲ್ಲ ಎಂದು ಅವಳೇ ಕೆಣಕಿದಳು. ಅವನು ಸುಳ್ಳುಸುಳ್ಳೇ ಒಮ್ಮೆ ಒತ್ತಿ ತೋರಿಸಿದ.

ಪಣಜಿ ತಲುಪಿದಾಗ ಸಂಜೆಯಾಗಿತ್ತು. ನದಿಯಲ್ಲಿ ಜೂಜಿನ ಹಡಗುಗಳು ಮದುವೆ ಮನೆಯ ಹಾಗೆ ದೀಪ ಹೊತ್ತು ನಿಂತಿದ್ದವು. ಇವು ಎಲ್ಲಿಗೆ ಹೋಗುತ್ತವೆ ಎಂದು ರೋಶನಬಿ ಕೇಳಿದಳು. ಎಲ್ಲಿಗೂ ಹೋಗುವುದಿಲ್ಲ, ಒಳಗೆ ಹೋದವರ ದುಡ್ಡು ಹೋಗುತ್ತದೆ ಅಷ್ಟೇ ಎಂದ ಗಂಡ. ಜೂಜು ಹರಾಮಾದರೂ ದೀಪ ನೋಡಲಿಕ್ಕೆ ಅಡ್ಡಿಯಿಲ್ಲವೆಂದು ಅವಳು ತನಗೆ ತಾನೇ ತೀರ್ಮಾನ ಕೊಟ್ಟುಕೊಂಡು, ಇಳಿದು ನದಿಯಂಚಿನ ಗೋಡೆ ಹಿಡಿದು ನಿಂತಳು.

ಕಾರು ನಿಲ್ಲಿಸಲು ಸಿಕ್ಕಿದ್ದು ಎರಡು ದೊಡ್ಡ ಗಾಡಿಗಳ ನಡುವಿನ ಒಂದು ಸಂದು. ಸಾಜಿದಾ ಒಮ್ಮೆ ಹಿಂದಕ್ಕೆ ತೆಗೆದುಕೊಂಡಳು, ಬರಲಿಲ್ಲ. ಮುಂದಕ್ಕೆ ತಂದು ಮತ್ತೊಮ್ಮೆ ನೋಡಿದಳು, ಅದೂ ಆಗಲಿಲ್ಲ. ಅಡ್ಡವಾಗಿ ನಿಂತ ಕಾರಿನ ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನ್ ಶುರುಮಾಡಿದವು. ಅವಳ ಹಣೆಯಲ್ಲಿ ಬೆವರಿತ್ತು.

ಅಲ್ಲಾಬಕ್ಷ್ ಬಾಗಿಲು ತೆಗೆದು ಇಳಿದ. ಹಾರ್ನ್ ಹೊಡೆಯುತ್ತಿದ್ದವರಿಗೆ ಅಂಗೈ ತೋರಿಸಿ, ಕಾರಿನ ಹಿಂದೆ ಹೋಗಿ, ಬಲಗಣ್ಣಿಗೆ ಎರಡೂ ಚಕ್ರ ಕಾಣುವ ಹಾಗೆ ಓರೆಯಾಗಿ ನಿಂತ. ಡಿಕ್ಕಿಯನ್ನು ಅಂಗೈಯಿಂದ ಎರಡು ಸಲ ತಟ್ಟಿದ.

"ಬರ್ಲಿ... ಬರ್ಲಿ... ಬಲಕ್ಕೆ ಕಟ್ ಮಾಡ್ರಿ... ಬರ್ಲಿ..."

ಮಗಳಿಗೆ ಅವನು ಯಾವತ್ತೂ ರೀ ಹಚ್ಚಿ ಮಾತಾಡಿದವನಲ್ಲ. ಗೋಡೆಯ ಬಳಿ ರೋಶನಬಿ ಹಡಗು ಮರೆತು ಈ ಕಡೆ ತಿರುಗಿದಳು. ಎಡಕ್ಕೆ ಎಂದು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು.

ಕಾರು ಇಂಚಿಂಚಾಗಿ ಬಂದು ಸಂದಿನಲ್ಲಿ ನೆಟ್ಟಗೆ ಕೂತಿತು.

"ಹೋಲ್ಡಾನ್," ಎಂದ ಅಲ್ಲಾಬಕ್ಷ್. "ಸಾಕ್ರಿ ಉಸ್ತಾದ್."

ಹಾರ್ನುಗಳು ನಿಂತವು, ಕಾದಿದ್ದ ಗಾಡಿಗಳು ಒಂದೊಂದಾಗಿ ದಾಟಿಹೋದವು. ಸಾಜಿದಾ ಕೆಳಗಿಳಿಯಲಿಲ್ಲ. ಅವಳ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು, ಹಿಂದಿನ ಕೆಂಪು ದೀಪ ಅವನ ಬಿಳಿ ಅಂಗಿಯ ಮೇಲೆ ಬೆಳಗುತ್ತಲೇ ಇತ್ತು.